ನೀರಿಗೆ ಕೂಗುವವರು ಯಾರು?

ಒಂದು ಕಾಡಿನಲ್ಲಿ ಒಂದು ಕೊಳವಿತ್ತು. ಅಲ್ಲಿಯ ಪ್ರಾಣಿಗಳು ಬಾಯಾರಿದಾಗ ನೀರು ಕುಡಿಯುತ್ತಿರಲಿಲ್ಲ. ಕೂಗು ಕೇಳಿದಾಗ ಕುಡಿಯುತ್ತಿದ್ದವು. ಬೇರೆ ಕಾಡಿನವರು ಇದನ್ನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಬೇರೆ ಕಾಡಿನವರು ಇಲ್ಲಿಗೆ ಬರುವ ಹಾಗಿರಲಿಲ್ಲ, ಇಲ್ಲಿಯವರು ಅಲ್ಲಿಗೆ ಹೋಗುವ ಹಾಗೂ ಇರಲಿಲ್ಲ. ಹಾಗಾಗಿ ನಗುವವರು ಯಾರೂ ಸಿಕ್ಕಿರಲಿಲ್ಲ.

ಈ ಪದ್ಧತಿ ಸುಮ್ಮಸುಮ್ಮನೆ ಬಂದದ್ದಲ್ಲ. ಹಿಂದೆ ಆ ಕೊಳವನ್ನು ಒಂದು ಹುಲಿ ತನ್ನದೆಂದು ಹೇಳಿಕೊಂಡು ಕೂತಿತ್ತು. ನೀರಿಗೆ ಬಂದವರೆಲ್ಲ ವಾಪಸು ಹೋಗುತ್ತಾರೆ ಅನ್ನುವ ಭರವಸೆ ಇರಲಿಲ್ಲ. ಕೊನೆಗೆ ಒಂದು ಕರಡಿ ಎಲ್ಲರನ್ನೂ ಒಟ್ಟುಗೂಡಿಸಿ ಹುಲಿಯನ್ನು ಓಡಿಸಿತು. "ಇನ್ನು ಮೇಲೆ ಕೊಳ ಎಲ್ಲರದು. ಗೆಡ್ಡೆಯ ದಿಬ್ಬ ಎಲ್ಲರದು. ಬೋರೆಹಣ್ಣಿನ ಪೊದೆ ಎಲ್ಲರದು," ಎಂದಿತು. ಎಲ್ಲರೂ ಕುಣಿದಾಡಿದರು. ಅಂದಿನಿಂದ ಕರಡಿಗೆ ದೊಡ್ಡಯ್ಯ ಎಂಬ ಹೆಸರು ಬಂತು.

ದೊಡ್ಡಯ್ಯ ಕೊಳದ ಮುಂದೆ ಒಂದು ಮರದ ದಿಮ್ಮಿಯನ್ನು ಅಡ್ಡ ಹಾಕಿಸಿದರು. ಎಲ್ಲರೂ ಅದರ ಹಿಂದೆ ನಿಲ್ಲಬೇಕು. ಕೊಳದ ಪಕ್ಕದ ಮತ್ತಿಮರದ ತುದಿಯಲ್ಲಿ ಮುಸುವ ಎಂಬ ಕರಿಮೋರೆಯ ಮಂಗನನ್ನು ಕೂರಿಸಿದರು. ಅವನು ಎತ್ತರದಿಂದ ಸುತ್ತಲೂ ನೋಡಿ, ಹುಲಿ ಚಿರತೆ ಯಾವುದೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ದೊಡ್ಡಯ್ಯ ತಲೆಯಾಡಿಸಿದ ಮೇಲೆ "ಊಪ್" ಎಂದು ಕೂಗಬೇಕು. ಒಂದು ಕೂಗಿಗೆ ಕಡವೆ ಜಿಂಕೆಗಳಂಥ ಕೊಂಬಿನವರು, ಇನ್ನೊಂದಕ್ಕೆ ಹಂದಿಗಳಂಥ ಕೋರೆಯವರು, ಮತ್ತೊಂದಕ್ಕೆ ಉಳಿದವರು. ಆ ಮುಸುವನನ್ನು ಎಲ್ಲರೂ ಕೂಗಣ್ಣ ಎಂದು ಕರೆಯುತ್ತಿದ್ದರು. ಮೊದಮೊದಲು ಇದು ಒಳ್ಳೆಯ ಏರ್ಪಾಡೇ ಆಗಿತ್ತು. ಆಮೇಲೆ ಹುಲಿಯನ್ನು ಕಂಡವರಲ್ಲಿ ಬಹಳಷ್ಟು ಮಂದಿ ಸತ್ತುಹೋದರು. ದಿಮ್ಮಿ ಮಾತ್ರ ಅಲ್ಲೇ ಉಳಿಯಿತು, ದೊಡ್ಡಯ್ಯನ ಅಪ್ಪಣೆಯಿಲ್ಲದೆ ಯಾರೂ ಒಂದು ಹನಿ ನೀರನ್ನೂ ಮುಟ್ಟುವ ಹಾಗಿರಲಿಲ್ಲ.

ನಮ್ಮ ತುಂಬೆ ಹುಟ್ಟಿದ್ದು ಆಮೇಲೆ. ಅವಳು ಒಂದು ಕಾಡುಕುರಿ. ಹೆಸರಿನಲ್ಲಿ ಕುರಿ ಇದ್ದರೂ ಅದು ಒಂದು ಪುಟ್ಟ ಜಿಂಕೆ, ಅಪಾಯ ಕಂಡರೆ ನಾಯಿಯ ಹಾಗೆ ಬೊಗಳುತ್ತದೆ. ಆದರೆ ತುಂಬೆ ಒಂದು ಸಲವೂ ಬೊಗಳಿರಲಿಲ್ಲ. ಕೂಗುವುದಕ್ಕೆ ಕೂಗಣ್ಣ ಇದ್ದಾನಲ್ಲ, ನಿನಗ್ಯಾಕೆ ಎಂದು ಅವಳ ತಾಯಿ ಚಿಕ್ಕಂದಿನಲ್ಲೇ ಗದರಿದ್ದಳು.

ಒಂದು ದಿನ ಬೆಳಿಗ್ಗೆ ಎಲ್ಲರೂ ದಿಮ್ಮಿಯ ಹಿಂದೆ ನಿಂತರು. ಕೂಗು ಬರಲಿಲ್ಲ. ಬಿಸಿಲೇರಿತು. ಆಗಲೂ ಬರಲಿಲ್ಲ. ಎಲ್ಲರೂ ತಲೆಯೆತ್ತಿ ಮತ್ತಿಮರ ನೋಡಿದರು. ಮರದ ಮೇಲೆ ಕೂಗಣ್ಣ ಇದ್ದ. ಅವನು ಕತ್ತು ಉದ್ದ ಮಾಡಿಕೊಂಡು ದೊಡ್ಡಯ್ಯನ ಗುಹೆಯ ಕಡೆ ನೋಡುತ್ತಿದ್ದ. ಗುಹೆಯಿಂದ ಯಾರೂ ಹೊರಗೆ ಬರಲಿಲ್ಲ.

ಕೊನೆಗೆ ಕೋರೆಹಲ್ಲ ಎಂಬ ಕಾಡುಹಂದಿ ಹೋಗಿ ಗುಹೆಯಲ್ಲಿ ಇಣುಕಿ ಬಂದ. "ದೊಡ್ಡಯ್ಯ ಇಲ್ಲ," ಎಂದ.

"ಇಲ್ಲ ಅಂದ್ರೆ?" ಎಂದಳು ಮುಳ್ಳುಹಂದಿ ಮುಳ್ಳಜ್ಜಿ. ಅವಳು ಕಾಡಿಗೆಲ್ಲ ಹಿರಿಯಳು.

"ಇಲ್ಲ ಅಂದ್ರೆ ಇಲ್ಲ ಅಜ್ಜಿ. ತೀರಿಕೊಂಡರೋ, ಹೊರಟುಹೋದರೋ ಗೊತ್ತಿಲ್ಲ. ಗುಹೆಯಲ್ಲಿ ಬರೀ ಬಾವಲಿ ಇದಾವೆ."

ತುಂಬೆಗೆ ಏನು ಮಾಡಬೇಕೆಂದು ತೋಚಲಿಲ್ಲ. ಅಳಬೇಕೋ ನಗಬೇಕೋ ತಿಳಿಯದೆ ಅಕ್ಕಪಕ್ಕದವರ ಮುಖ ನೋಡಿದಳು. ಅವರೂ ಅವಳ ಮುಖ ನೋಡುತ್ತಿದ್ದರು. ಯಾರೋ ಒಬ್ಬರು ಮೆಲ್ಲಗೆ ನಕ್ಕರು. ಅಷ್ಟೇ ಸಾಕಾಯಿತು. ಎಲ್ಲರೂ ನಕ್ಕರು, ಕುಣಿದರು, ನಾವೇ ನಮಗೆ ಒಡೆಯರು ಎಂದು ಹಾಡಿದರು. ಕೋರೆಹಲ್ಲ ಮೂತಿಯಿಂದ ನೂಕಿ ನೂಕಿ ದಿಮ್ಮಿಯನ್ನು ಇಳಿಜಾರಿಗೆ ಉರುಳಿಸಿಬಿಟ್ಟ. ಎಲ್ಲರೂ ಹೋ ಎಂದು ಒಟ್ಟಿಗೆ ಕೊಳಕ್ಕೆ ನುಗ್ಗಿದರು.

ಅಲ್ಲೇ ಎಡವಟ್ಟಾದದ್ದು. ಕೊಂಬಿನವರು ಮೊದಲೋ ಕೋರೆಯವರು ಮೊದಲೋ ಯಾರಿಗೂ ಗೊತ್ತಿರಲಿಲ್ಲ. ಕೂಗಿಲ್ಲದೆ ಸರದಿ ಹೇಗೆ ಎಂದು ಅವರು ಕಲಿತೇ ಇರಲಿಲ್ಲ. ತಳ್ಳಾಟ ಶುರುವಾಯಿತು. ಕಡವೆಯ ಕೊಂಬು ಮೊಲಕ್ಕೆ ತಾಗಿತು, ಮುಳ್ಳಜ್ಜಿಯ ಮುಳ್ಳು ಯಾರಿಗೆಲ್ಲ ಚುಚ್ಚಿತೋ ಲೆಕ್ಕವಿಲ್ಲ. ನೋಡನೋಡುತ್ತಿದ್ದಂತೆ ಕೊಳದ ನೀರೆಲ್ಲ ರಾಡಿಯಾಯಿತು. ತುಂಬೆ ಆಗ ಬಸುರಿ. ಹೊಟ್ಟೆಗೆ ಪೆಟ್ಟಾದೀತೆಂದು ಹೆದರಿ ದಂಡೆಗೆ ಸರಿದು, ಗೊರಸಿನ ಗುಂಡಿಯಲ್ಲಿ ನಿಂತಿದ್ದ ಕೆಸರುನೀರನ್ನೇ ನೆಕ್ಕಿದಳು.

ಸಂಜೆ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಗೆಡ್ಡೆಯ ದಿಬ್ಬದ ಮೇಲೆ ಕೋರೆಹಲ್ಲ ತನ್ನ ಸಂಸಾರ ಸಮೇತ ಹೋಗಿ ಕೂತಿದ್ದ.

"ಅದು ಎಲ್ಲರದೂ ಅಲ್ವಾ?" ಎಂದು ಮೊಲಗಳು ಕೇಳಿದವು.

"ಹೌದಪ್ಪಾ. ಎಲ್ಲರದೂ ಅಂದ ಮೇಲೆ ನನ್ನದೂ ಹೌದು ತಾನೆ? ನಾನು ನನ್ನದು ತಗೊಂಡೆ. ನೀವು ನಿಮ್ಮದು ತಗೊಳ್ಳಿ, ಬೇಡ ಅಂದೋರು ಯಾರು?" ಎಂದು ಕೋರೆಹಲ್ಲ ಕೋರೆ ತೋರಿಸಿದ.

ಆ ದಿನಕ್ಕೆ ಕಾಡಿನಲ್ಲಿ ಕೆಸರಿನ ದಿನ ಎಂದು ಹೆಸರು ಬಿತ್ತು. ಸ್ವಾತಂತ್ರ್ಯ ಸಿಕ್ಕ ದಿನವೂ ಅದೇ ಆಗಿತ್ತು. ಆದರೆ ಆ ಹೆಸರಿನಿಂದ ಅದನ್ನು ಯಾರೂ ಕರೆಯಲಿಲ್ಲ.

ಮರುದಿನ ಬೆಳಿಗ್ಗೆ ತುಂಬೆ ಕೊಳಕ್ಕೆ ಬಂದಳು. ನೀರು ತಿಳಿಯಾಗಿತ್ತು. ಎದುರಿಗೆ ಏನೂ ಅಡ್ಡ ಇರಲಿಲ್ಲ. ಅವಳು ನಡೆಯುತ್ತ ನಡೆಯುತ್ತ ಒಂದು ಜಾಗಕ್ಕೆ ಬಂದು ತಟ್ಟನೆ ನಿಂತಳು. ಯಾಕೆ ನಿಂತೆ ಎಂದು ಅವಳಿಗೇ ತಿಳಿಯಲಿಲ್ಲ. ಕೆಳಗೆ ನೋಡಿದಳು. ನೆಲದ ಮೇಲೆ ಹುಲ್ಲು ಬೆಳೆಯದ ಒಂದು ಉದ್ದನೆಯ ಗೆರೆ ಇತ್ತು. ನಿನ್ನೆಯವರೆಗೂ ದಿಮ್ಮಿ ಬಿದ್ದಿದ್ದ ಜಾಗ. ಮುಂದಿನ ಕಾಲನ್ನು ಎತ್ತಿದಳು. ಕಾಲು ಗಾಳಿಯಲ್ಲೇ ನಿಂತು ಮತ್ತೆ ಹಿಂದಕ್ಕೆ ಬಂತು. ಆಚೀಚೆ ನೋಡಿದರೆ, ಕಡವೆ, ಮೊಲ, ಮುಳ್ಳಜ್ಜಿ, ಕೊನೆಗೆ ಕೋರೆಹಲ್ಲನೂ ಅದೇ ಗೆರೆಯ ಹಿಂದೆ ಸಾಲಾಗಿ ನಿಂತಿದ್ದರು. ಎಲ್ಲರಿಗೂ ಒಂಥರಾ ನಾಚಿಕೆಯಾಗಿತ್ತು.

ಮತ್ತಿಮರದ ಮೇಲೆ ಕೂಗಣ್ಣ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದ. ಅವನ ಕೆಲಸ ಹೋಗಿತ್ತು. ಕೆಳಗೆ ನೋಡಿದ. ಎಲ್ಲರೂ ನಿಂತಿದ್ದರು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಅವನ ತಲೆಯಲ್ಲಿ ಯಾವ ಕುತಂತ್ರವೂ ಇರಲಿಲ್ಲ. ಕೆಳಗೆ ಪ್ರಾಣಿಗಳು ಸಾಲಾಗಿ ನಿಂತದ್ದನ್ನು ಕಂಡರೆ ಕೂಗಿ ಅಭ್ಯಾಸ, ಅಷ್ಟೇ. "ಊಪ್" ಎಂದ.

ತುಂಬೆಯ ಕಾಲುಗಳು ತಾವಾಗಿಯೇ ಗೆರೆ ದಾಟಿದವು. ಕೊಂಬಿನವರು ಕುಡಿದರು, ಮುಂದಿನ ಕೂಗುಗಳಿಗೆ ಕೋರೆಯವರು ಕುಡಿದರು, ಉಳಿದವರು ಕುಡಿದರು. ಕೆಸರಿಲ್ಲ, ತಳ್ಳಾಟವಿಲ್ಲ. ಎಲ್ಲರಿಗೂ ಎಷ್ಟು ಸಮಾಧಾನವಾಯಿತೆಂದರೆ, ಹೋಗುವಾಗ ಮುಳ್ಳಜ್ಜಿ ಮತ್ತಿಮರದ ಬುಡದಲ್ಲಿ ಒಂದು ಹಿಡಿ ಬೋರೆಹಣ್ಣು ಇಟ್ಟಳು. "ಪಾಪ, ಸುಮ್ಮನೆ ಕೂಗಿದ," ಎಂದಳು.

ಕೂಗಣ್ಣ ಇಳಿದು ಬಂದು ಹಣ್ಣು ತಿಂದ. ಕುತಂತ್ರ ಶುರುವಾದದ್ದು ಆ ಹಣ್ಣು ತಿಂದ ಮೇಲೆ.

ಮೊದಲು ಅವನು ಕೂಗನ್ನು ಸ್ವಲ್ಪ ತಡ ಮಾಡಿ ನೋಡಿದ. ಯಾರೂ ಹೋಗಲಿಲ್ಲ. ಇನ್ನೂ ಸ್ವಲ್ಪ ತಡ ಮಾಡಿದ. ಆಗಲೂ ಹೋಗಲಿಲ್ಲ. ಬದಲಿಗೆ ಬುಡದಲ್ಲಿ ಹಣ್ಣಿನ ರಾಶಿ ದೊಡ್ಡದಾಯಿತು. ಆಮೇಲೆ ಕೋರೆಹಲ್ಲನನ್ನು ಹತ್ತಿರ ಕರೆದು, ಗೆಡ್ಡೆಯ ದಿಬ್ಬ ನೀನೇ ಇಟ್ಟುಕೋ, ನಾನು ಕೇಳುವುದಿಲ್ಲ, ನನ್ನ ಮರದ ಕೆಳಗೆ ನಿನ್ನ ಮಕ್ಕಳು ಕಾವಲು ನಿಲ್ಲಲಿ ಎಂದ. ಕೋರೆಹಲ್ಲನಿಗೆ ಇದಕ್ಕಿಂತ ಇನ್ನೇನು ಬೇಕಿತ್ತು? ಕೂಗಣ್ಣ ಕೂಗಪ್ಪನಾದ. ಬೇಸಿಗೆ ಬರುವಷ್ಟರಲ್ಲಿ ಕೂಗೊಡೆಯರಾದರು.

ಅದೇ ಬೇಸಿಗೆಯಲ್ಲಿ ಕೂಗೊಡೆಯರು ಎಲ್ಲರನ್ನೂ ಸೇರಿಸಿ ಮಾತಾಡಿದರು. "ಹೊರಗಿನ ಕಾಡಿನವರು ನಮ್ಮ ಕೊಳದ ಮೇಲೆ ಕಣ್ಣು ಹಾಕಿದ್ದಾರೆ. ಇಂಥ ಹೊತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಅರಚಿದರೆ ನಿಮಗೇ ಗಲಿಬಿಲಿ. ಇನ್ನು ಮೇಲೆ ಕೊಳದ ಹತ್ತಿರ ನನ್ನ ಕೂಗೊಂದೇ ಇರಲಿ. ಬೇರೆ ಯಾರ ಸದ್ದೂ ಬೇಡ. ಒಪ್ಪಿಗೆ ಇದ್ದವರು ಕಾಲೆತ್ತಿ."

ಎಲ್ಲರೂ ಕಾಲೆತ್ತಿದರು. ತುಂಬೆಯೂ ಎತ್ತಿದಳು. ಯಾರೂ ಅವಳನ್ನು ಹೆದರಿಸಿರಲಿಲ್ಲ, ಯಾರೂ ಕಾಲು ಹಿಡಿದು ಎತ್ತಿರಲಿಲ್ಲ. ಅವಳು ಹೇಗಿದ್ದರೂ ಬೊಗಳುತ್ತಿರಲಿಲ್ಲ, ಹಾಗಾಗಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲ ಅಂದುಕೊಂಡಳು.

ಆ ದಿನಗಳಲ್ಲೇ ತುಂಬೆಗೆ ಮರಿ ಹುಟ್ಟಿತು. ಮೈಮೇಲೆ ಬಿಳಿ ಚುಕ್ಕಿ, ಕಡ್ಡಿಯಂಥ ಕಾಲು. ಅದನ್ನು ಲಂಟಾನದ ಪೊದೆಯೊಳಗೆ ಮಲಗಿಸಿ ಅವಳು ನೀರಿಗೆ ಬರುತ್ತಿದ್ದಳು. ಆದರೆ ಕೂಗೊಡೆಯರಿಗೆ ಈಗ ಬೆಳಗಿನ ನಿದ್ದೆ ಹೆಚ್ಚಾಗಿತ್ತು. ಕೂಗು ಬರುವಷ್ಟರಲ್ಲಿ ನೆತ್ತಿ ಸುಡುತ್ತಿತ್ತು. ಬಿಸಿಲಿನಲ್ಲಿ ನಿಂತು ನಿಂತು ತುಂಬೆಯ ಮೈ ಒಣಗಿತು. ಮೈ ಒಣಗಿದರೆ ಹಾಲೆಲ್ಲಿಂದ ಬರಬೇಕು? ಮರಿ ಕೆಚ್ಚಲನ್ನು ಗುದ್ದಿ ಗುದ್ದಿ ಸುಸ್ತಾಗಿ ಮಲಗಿಬಿಡುತ್ತಿತ್ತು. ಅದರ ಪಕ್ಕೆಲುಬು ಕಾಣತೊಡಗಿತು.

ಒಂದು ದಿನ ಸಾಲಿನಲ್ಲಿ ನಿಂತಿದ್ದಾಗ ಅವಳು ಮುಳ್ಳಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದಳು. "ಅಜ್ಜಿ, ನಮ್ಮನ್ನ ತಡೀತಿರೋದು ಯಾರು?"

"ಯಾರೂ ಇಲ್ಲ ಕಣವ್ವ."

"ಮತ್ತೆ ನಾವ್ಯಾಕೆ ನಿಂತಿದೀವಿ?"

"ಕೂಗು ಬಂದಿಲ್ವಲ್ಲ."

"ಕೂಗು ಇಲ್ದೆ ಹೋದ್ರೆ ಏನಾಗುತ್ತೆ?"

"ಕೆಸರಾಗುತ್ತೆ. ನೋಡಿಲ್ವಾ ನೀನು?" ಮುಳ್ಳಜ್ಜಿ ನಿಟ್ಟುಸಿರುಬಿಟ್ಟಳು. "ದೊಡ್ಡಯ್ಯನ ಕಾಲವೇ ಚೆನ್ನಾಗಿತ್ತವ್ವ. ಆಗಲೂ ಬಾಯಾರ್ತಿತ್ತು. ಆದ್ರೆ ಎಲ್ಲರಿಗೂ ಒಂದೇ ಸಮ ಬಾಯಾರ್ತಿತ್ತು."

"ದೊಡ್ಡಯ್ಯನಿಗೂ ಮುಂಚೆ?"

"ಹುಲಿ ಇತ್ತು."

"ಹುಲಿಗೂ ಮುಂಚೆ?"

ಮುಳ್ಳಜ್ಜಿ ಕಾಲಿನಿಂದ ಕಿವಿ ಕೆರೆದುಕೊಂಡಳು. "ನಮ್ಮಜ್ಜಿ ಏನೋ ಹೇಳ್ತಿದ್ದಳಪ್ಪ. ಮುಳ್ಳುಹಂದಿಗಳು ಮುಸ್ಸಂಜೆಗೆ ಕುಡೀತಿದ್ವಂತೆ, ನಿಮ್ಮೋರು ನಸುಕಿಗೆ ಬರ್ತಿದ್ರಂತೆ, ಹಂದಿಗಳು ಯಾವಾಗಲೋ. ಒಬ್ಬರಿಗೊಬ್ಬರು ಸಿಗ್ತಾನೇ ಇರ್ಲಿಲ್ವಂತೆ. ಮುದುಕಿ, ಅರಳುಮರುಳು ಆಗಿತ್ತು ಅನ್ಸುತ್ತೆ. ಎಲ್ಲಾದ್ರೂ ಉಂಟಾ?"

ತುಂಬೆಗೆ ತಲೆ ಗಿರ್ರೆಂದಿತು. ಯಾರೂ ತಡೆಯುತ್ತಿಲ್ಲ, ಆದರೂ ಹೋಗಲಾಗುತ್ತಿಲ್ಲ. ಕೂಗೊಡೆಯರು ಒಳ್ಳೆಯವರೋ ಕೆಟ್ಟವರೋ? ಒಳ್ಳೆಯವರಾದರೆ ಮರಿ ಯಾಕೆ ಸೊರಗುತ್ತಿದೆ? ಕೆಟ್ಟವರಾದರೆ ನಾನ್ಯಾಕೆ ಕಾಲೆತ್ತಿದೆ? ಯಾವ ಕಡೆಯಿಂದ ಯೋಚಿಸಿದರೂ ಅವಳು ಆ ಗೆರೆಗೇ ಬಂದು ನಿಲ್ಲುತ್ತಿದ್ದಳು.

ಕೊನೆಗೆ ಧೈರ್ಯ ಮಾಡಿ ಮತ್ತಿಮರದ ಬುಡಕ್ಕೆ ಹೋದಳು. ಕೂಗೊಡೆಯರು ಈಗ ಮರದ ಮೇಲೆ ಇರುತ್ತಿರಲಿಲ್ಲ. ಕೂತು ತಿಂದು ಮೈ ಎಷ್ಟು ಬೆಳೆದಿತ್ತೆಂದರೆ ಕೊಂಬೆ ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಮರದ ಕೆಳಗಿನ ಚಪ್ಪಡಿ ಕಲ್ಲಿನ ಮೇಲೆ ಹಣ್ಣಿನ ರಾಶಿಯ ನಡುವೆ ಕೂತಿದ್ದರು. ಅವರ ಬೆನ್ನ ಹಿಂದೆ ಆಳೆತ್ತರದ ಹುಲ್ಲು ಬೆಳೆದಿತ್ತು.

"ಒಡೆಯರೇ, ನನ್ನ ಮರಿಗೆ ಹಾಲಿಲ್ಲ. ಬೆಳಿಗ್ಗೆ ಒಂದು ಗುಟುಕು ನೀರು ಕುಡಿದು ಹೋಗ್ತೀನಿ. ದೊಡ್ಡ ಮನಸ್ಸು ಮಾಡಿ," ಎಂದಳು ತುಂಬೆ.

ಕೂಗೊಡೆಯರಿಗೆ ಸಿಟ್ಟು ಬರಲಿಲ್ಲ. ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು ಪ್ರೀತಿಯಿಂದಲೇ ಮಾತಾಡಿದರು. "ತುಂಬೆ, ನಿನ್ನ ಕಷ್ಟ ನನಗೆ ಅರ್ಥ ಆಗಲ್ವಾ? ಇವತ್ತು ನಿನ್ನನ್ನ ಬಿಟ್ಟರೆ ನಾಳೆ ಕಡವೆ ಬರುತ್ತೆ. ನಾಡಿದ್ದು ಎಲ್ಲರೂ ನುಗ್ತಾರೆ. ಕೆಸರಿನ ದಿನ ಮರೆತುಹೋಯ್ತಾ? ಬಸುರಿ ನೀನು, ದಂಡೆಯಲ್ಲಿ ಕೆಸರು ನೆಕ್ಕುತ್ತಿದ್ದೆಯಲ್ಲ. ನಾನು ಮೇಲಿಂದ ನೋಡಿ ಕಣ್ಣೀರು ಹಾಕಿದ್ದೆ. ಅದೇ ಮತ್ತೆ ಬೇಕಾ?"

"ಬೇಡ ಒಡೆಯರೇ."

"ನಿನ್ನ ಬಾಯಲ್ಲೇ ಹೇಳಿದೆ ನೋಡು. ಹೋಗಿ ಸಾಲಿನಲ್ಲಿ ನಿಲ್ಲು ತಾಯಿ."

ತುಂಬೆ ಹೋಗಿ ಸಾಲಿನಲ್ಲಿ ನಿಂತಳು. ಬೇಡ ಎಂದವಳು ತಾನೇ. ಆದರೆ ಅವಳು ಕೇಳಿದ್ದು ಒಂದು ಗುಟುಕು ನೀರು, ಬೇಡ ಎಂದದ್ದು ಕೆಸರು. ಇವೆರಡು ಯಾವಾಗ ಒಂದಾದವು ಎಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮರಿ ಏಳಲೇ ಇಲ್ಲ. ಉಸಿರಾಡುತ್ತಿತ್ತು, ಕಣ್ಣು ಬಿಡುತ್ತಿತ್ತು, ಏಳುತ್ತಿರಲಿಲ್ಲ. ಇವತ್ತು ನೀರು ಕುಡಿದು ಹಾಲಿಳಿಸದಿದ್ದರೆ ಮರಿ ಉಳಿಯುವುದಿಲ್ಲ ಎಂದು ತುಂಬೆಗೆ ಗೊತ್ತಾಯಿತು. ಓಡಿ ಬಂದಳು. ಗೆರೆಯ ಹತ್ತಿರ ಬಂದು ನಿಂತಳು. ತನ್ನ ಕಾಲುಗಳ ಮೇಲೆ ಅವಳಿಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಅಂದು ಕೂಗೊಡೆಯರು ಬೇಗ ಎದ್ದಿದ್ದರು. ಆದರೂ ಕೂಗಲು ಆತುರವಿರಲಿಲ್ಲ. ಒಂದೊಂದೇ ಹಣ್ಣು ಆರಿಸಿ ತಿನ್ನುತ್ತಿದ್ದರು. ಆಗ ತುಂಬೆ ಅವರ ಬೆನ್ನ ಹಿಂದಿನ ಹುಲ್ಲು ಅಲುಗುವುದನ್ನು ಕಂಡಳು. ಗಾಳಿ ಇರಲಿಲ್ಲ. ಹುಲ್ಲಿನ ಸಂದಿಯಲ್ಲಿ ಹಳದಿ ಮೈ, ಅದರ ಮೇಲೆ ಕಪ್ಪು ಚುಕ್ಕಿ. ಚಿರತೆ.

ತುಂಬೆ ಒಬ್ಬಳೇ ನೋಡಿದ್ದಲ್ಲ. ಕಡವೆ ನೋಡಿತು, ಮೊಲಗಳು ನೋಡಿದವು, ಮುಳ್ಳಜ್ಜಿ ನೋಡಿದಳು, ಮಕ್ಕಳ ಜೊತೆ ಕಾವಲಿಗೆ ನಿಂತಿದ್ದ ಕೋರೆಹಲ್ಲನೂ ನೋಡಿದ. ಎಲ್ಲರ ಕಣ್ಣೂ ಕೂಗೊಡೆಯರ ಭುಜದ ಹಿಂದೆ ನೆಟ್ಟಿತ್ತು. ಯಾರೂ ಸದ್ದು ಮಾಡಲಿಲ್ಲ. ಸದ್ದು ಮಾಡುವ ಹಾಗಿರಲಿಲ್ಲವಲ್ಲ. ಚಿರತೆ ಬಂದರೆ ಕೂಗುವುದು ಕೂಗೊಡೆಯರ ಕೆಲಸ, ಅವರು ಕೂಗುತ್ತಾರೆ ಎಂದು ಎಲ್ಲರೂ ಕಾದರು. ಮರದ ತುದಿಯಲ್ಲಿ ಇದ್ದಿದ್ದರೆ ಅವರಿಗೂ ಕಾಣುತ್ತಿತ್ತು. ಕಲ್ಲಿನ ಮೇಲೆ ಕೂತವರಿಗೆ ಹಣ್ಣಲ್ಲದೆ ಬೇರೇನು ಕಾಣಬೇಕು?

ತುಂಬೆಯ ಗಂಟಲಲ್ಲಿ ಏನೋ ಉಬ್ಬಿ ಬಂತು. ಅದು ಅವಳ ಅಮ್ಮನ, ಅಜ್ಜಿಯ, ಅಜ್ಜಿಯ ಅಜ್ಜಿಯ ಬೊಗಳು. ಬಾಯಿವರೆಗೂ ಬಂದು ಅಲ್ಲೇ ಸಿಕ್ಕಿಕೊಂಡಿತು.

ಕೂಗೊಡೆಯರು ತಲೆಯೆತ್ತಿ ಸಾಲನ್ನು ನೋಡಿದರು. ಎಲ್ಲರೂ ಕಣ್ಣು ಮಿಟುಕಿಸದೆ ತಮ್ಮ ಕಡೆಗೇ ನೋಡುತ್ತಿದ್ದಾರೆ. ಉಸಿರಾಟದ ಸದ್ದೂ ಇಲ್ಲ. ಅವರಿಗೆ ಹೃದಯ ತುಂಬಿ ಬಂತು.

"ನೋಡಿ, ಎಷ್ಟು ಶಾಂತಿ," ಎಂದರು.

ಚಿರತೆ ಹಾರಿತು.

ಕೂಗೊಡೆಯರ ಬಾಯಿಂದ ಆ ಕ್ಷಣಕ್ಕೆ ಹೊರಬಂದದ್ದು ಒಂದೇ ಸದ್ದು. ಜೀವಮಾನವಿಡೀ ಕೂಗಿ ಕೂಗಿ ಅವರಿಗೆ ಬೇರೆ ಸದ್ದು ಬರುತ್ತಲೇ ಇರಲಿಲ್ಲ. "ಊಪ್!"

ಇಲ್ಲಿ ನಡೆದದ್ದನ್ನು ಹೇಳಿದರೆ ನಂಬುವುದು ಕಷ್ಟ. ಕೂಗು ಕೇಳಿದ್ದೇ ತಡ, ಕೊಂಬಿನವರೆಲ್ಲ ಗೆರೆ ದಾಟಿ, ತಲೆ ತಗ್ಗಿಸಿಕೊಂಡು, ಶಿಸ್ತಾಗಿ ನೀರಿನ ಕಡೆ ನಡೆದರು. ಚಿರತೆ ಇದ್ದ ಕಡೆಗೇ. ತುಂಬೆಯ ಕಾಲುಗಳೂ ನಡೆದವು. ಚಿರತೆಗೇ ಗಾಬರಿಯಾಗಿರಬೇಕು. ಅದು ಬಾಯಲ್ಲಿ ಮುಸುವನನ್ನು ಕಚ್ಚಿ ಹಿಡಿದು, ತನ್ನತ್ತ ತಾವೇ ನಡೆದು ಬರುತ್ತಿರುವ ಕಡವೆಗಳನ್ನು ಮಿಕಿಮಿಕಿ ನೋಡಿತು. ಆಮೇಲೆ ಬಾಯಿ ಸಡಿಲಿಸಿ ಕಡವೆಗಳ ಕಡೆ ತಿರುಗಿತು.

ಚಿರತೆಯ ಕಣ್ಣು ತುಂಬೆಯ ಕಣ್ಣಿಗೆ ಸಿಕ್ಕಿತು. ನಾನು ಸತ್ತರೆ ಪೊದೆಯೊಳಗಿನ ಮರಿಯ ಗತಿಯೇನು ಎಂದು ಅವಳಿಗೆ ಹೊಳೆಯಿತು. ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಕಿತ್ತುಕೊಂಡು ಹೊರಬಂತು.

"ಭೌ!"

ಇಡೀ ಕಾಡು ನಡುಗಿತು. ಅಂಥ ಸದ್ದನ್ನು ಯಾರೂ ಕೇಳಿರಲಿಲ್ಲ, ಆದರೂ ಅದರ ಅರ್ಥ ಎಲ್ಲರಿಗೂ ಗೊತ್ತಾಯಿತು. ಕಡವೆಗಳು ದಿಕ್ಕಾಪಾಲಾಗಿ ಓಡಿದವು. ಮೊಲಗಳು ಬಿಲ ಸೇರಿದವು. ಕೋರೆಹಲ್ಲ ಎಲ್ಲರಿಗಿಂತ ಮುಂದೆ ಓಡಿದ. ತುಂಬೆ ಓಡುತ್ತ ಬೊಗಳಿದಳು, ಬೊಗಳುತ್ತ ಓಡಿದಳು. ಚಿರತೆಗೆ ಬೇರೆ ಯಾರೂ ಸಿಗಲಿಲ್ಲ. ಅದು ಕಲ್ಲಿನ ಮೇಲೆ ಅರೆಜೀವವಾಗಿ ಬಿದ್ದಿದ್ದ ಮುಸುವನನ್ನೇ ಕಚ್ಚಿಕೊಂಡು ಹೋಯಿತು. ಯಾರೂ ಸದ್ದು ಮಾಡಬಾರದೆಂದು ಹೇಳಿದವನಿಗೆ ಎಚ್ಚರಿಕೆಯ ಒಂದು ಸದ್ದೂ ಸಿಕ್ಕಲಿಲ್ಲ.

ಓಡುವಾಗ ಯಾವತ್ತೂ ಹೋಗದ ದಾರಿಯಲ್ಲಿ ಒಂದು ಕಲ್ಲುಗುಂಡಿಯಲ್ಲಿ ನಿಂತಿದ್ದ ನೀರು ತುಂಬೆಗೆ ಸಿಕ್ಕಿತು. ಕುಡಿದಳು. ಸಂಜೆ ಹೊತ್ತಿಗೆ ಸ್ವಲ್ಪ ಹಾಲಿಳಿಯಿತು. ಮರಿ ತಲೆಯೆತ್ತಿ ಕುಡಿಯಿತು.

ಮರುದಿನ ಬೆಳಿಗ್ಗೆ ಮರಿ ಎದ್ದು ನಿಂತಿತು. ತುಂಬೆ ಅದನ್ನು ಮೊದಲ ಸಲ ಕೊಳಕ್ಕೆ ಕರೆದುಕೊಂಡು ಬಂದಳು. ಬಂದು ನೋಡಿದರೆ ಎಲ್ಲರೂ ಆಗಲೇ ಗೆರೆಯ ಹಿಂದೆ ನಿಂತಿದ್ದರು. ಕಲ್ಲಿನ ಮೇಲೆ ಯಾರೂ ಇರಲಿಲ್ಲ, ಮರದ ಮೇಲೂ ಇರಲಿಲ್ಲ. ಯಾರಿಗಾಗಿ ನಿಂತಿದ್ದಾರೆ ಎಂದು ತುಂಬೆ ಬೆರಗಾದಳು. ಅಷ್ಟರಲ್ಲಿ ಎಲ್ಲರೂ ತಿರುಗಿ ಅವಳನ್ನು ನೋಡಿದರು.

ಮುಳ್ಳಜ್ಜಿ ಮುಂದೆ ಬಂದು ಅವಳ ಕಾಲ ಬಳಿ ಒಂದು ಹಿಡಿ ಬೋರೆಹಣ್ಣು ಇಟ್ಟಳು. "ನಿನ್ನ ಕೂಗು ಜೋರಾಗಿದೆ ಕಣವ್ವ. ಎಲ್ಲರ ಜೀವ ಉಳಿಸಿದೆ. ಇನ್ನು ನೀನೇ ಕೂಗು."

"ಕಾವಲಿಗೆ ನನ್ನ ಮಕ್ಕಳಿದಾರೆ ತಾಯಿ. ಆ ದಿಬ್ಬದ ವಿಚಾರ ಆಮೇಲೆ ಮಾತಾಡೋಣ," ಎಂದ ಕೋರೆಹಲ್ಲ. ನಿನ್ನೆಯವರೆಗೂ ಅವನು ತುಂಬೆಯನ್ನು ಏಯ್ ಎಂದೇ ಕರೆಯುತ್ತಿದ್ದ.

ಹಣ್ಣು ಕೆಂಪಗೆ ಹೊಳೆಯುತ್ತಿತ್ತು. ತುಂಬೆಗೆ ಹಸಿವಾಗಿತ್ತು. ಒಂದು ಸಲ ಬೊಗಳಿದರೆ ಸಾಕು, ಎಲ್ಲರೂ ನೀರು ಕುಡಿಯುತ್ತಾರೆ. ಅದರಲ್ಲಿ ತಪ್ಪೇನು? ಪಾಪ, ನಿಂತಿದ್ದಾರೆ. ಅವಳ ಬಾಯಿ ಅರ್ಧ ತೆರೆಯಿತು. ಆಗ ಅವಳಿಗೆ ಆ ಮೊದಲ ದಿನದ ಕೂಗಣ್ಣ ನೆನಪಾದ. ಅವನೂ ಹೀಗೇ ಅಂದುಕೊಂಡಿದ್ದ. ಅವನಲ್ಲಿ ಆ ದಿನ ಕೆಟ್ಟದ್ದೇನೂ ಇರಲಿಲ್ಲ. ಅವನು ಕೂಗಿದ್ದರಿಂದ ಇವರು ನಿಂತದ್ದಲ್ಲ. ಇವರು ನಿಂತದ್ದರಿಂದ ಅವನು ಕೂಗಿದ್ದು.

ಅವಳು ಬಾಯಿ ಮುಚ್ಚಿದಳು. ಮೂತಿಯಿಂದ ಹಣ್ಣನ್ನು ಅಜ್ಜಿಯ ಕಡೆಗೇ ನೂಕಿದಳು.

"ಚಿರತೆ ಬಂದರೆ ಕೂಗ್ತೀನಿ ಅಜ್ಜಿ. ಆಗ ನೀವೂ ಕೂಗಿ, ಎಲ್ಲರೂ ಕೂಗಿ. ನೀರಿಗೆ ಮಾತ್ರ ಕೂಗಲ್ಲ."

"ಮತ್ತೆ ನೀರಿಗೆ ಕೂಗೋರು ಯಾರು?"

"ಯಾರೂ ಇಲ್ಲ. ಬಾಯಾರಿದವರು ಹೋಗಿ ಕುಡೀಲಿ."

"ಎಲ್ಲರೂ ನುಗ್ಗಿದರೆ?"

"ಎಲ್ಲರಿಗೂ ಒಂದೇ ಹೊತ್ತಿಗೆ ಬಾಯಾರಿಕೆ ಹೇಗಾಗುತ್ತೆ ಅಜ್ಜಿ? ನಿಮಗೆ ಈಗ ಬಾಯಾರಿಕೆ ಆಗಿದೆಯಾ?"

ಮುಳ್ಳಜ್ಜಿ ನಾಲಿಗೆಯಿಂದ ತುಟಿ ಸವರಿ ನೋಡಿಕೊಂಡಳು. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. "ಇಲ್ಲ ಕಣೆ," ಎಂದಳು, ಅವಳಿಗೇ ಆಶ್ಚರ್ಯವಾಗಿ. "ಈಗ ಏನೂ ಆಗಿಲ್ಲ."

ಆದರೂ ಯಾರೂ ಕದಲಲಿಲ್ಲ. ಮಾತಾಡಿದ ತುಂಬೆಯೇ ಗೆರೆಯ ಹತ್ತಿರ ಬಂದು ನಿಂತುಬಿಟ್ಟಳು. ಕಾಲೆತ್ತಿದಳು, ಕಾಲು ಗಾಳಿಯಲ್ಲಿ ನಿಂತಿತು. ಅಷ್ಟರಲ್ಲಿ ಅವಳ ಹೊಟ್ಟೆಯ ಕೆಳಗಿನಿಂದ ಮರಿ ನುಸುಳಿ ಮುಂದೆ ಹೋಯಿತು. ಅದು ದಿಮ್ಮಿಯನ್ನು ಕಂಡಿರಲಿಲ್ಲ. ಅದಕ್ಕೆ ಗೆರೆ ಬರೀ ಮಣ್ಣು. ತೂರಾಡುತ್ತ ನೀರಿನವರೆಗೂ ಹೋಯಿತು. ಮೂಗು ಅದ್ದಿ, ಸೀನಿ, ಬಾಲ ಅಲ್ಲಾಡಿಸಿ, ನೀರಿನಲ್ಲಿ ಬಾಯಿ ಇಟ್ಟಿತು. ಏನೂ ಆಗಲಿಲ್ಲ. ಆಕಾಶ ಮೇಲೇ ಇತ್ತು. ತುಂಬೆ ಕಣ್ಣು ಮುಚ್ಚಿಕೊಂಡು ಮಗುವಿನ ಹಿಂದೆ ನಡೆದಳು.

ಅವಳ ಹಿಂದೆ ಬಾಯಾರಿದ ಒಂದಿಬ್ಬರು ಬಂದರು. ನೀವು ಮೊದಲು, ಇಲ್ಲ ನೀವು ಮೊದಲು ಎಂದು ನಾಚಿಕೊಂಡು ಕುಡಿದರು. ಉಳಿದವರು ಬಿಸಿಲೇರುವವರೆಗೂ ಗೆರೆಯ ಹಿಂದೆಯೇ ನಿಂತು, ಕೊನೆಗೆ ಒಬ್ಬೊಬ್ಬರಾಗಿ ಬಂದರು. ಮುಳ್ಳಜ್ಜಿ ಮುಸ್ಸಂಜೆಗೆ ಬಂದಳು. ಆಚೀಚೆ ನೋಡಿ ಕುಡಿದು, ನೀರಿನ ರುಚಿ ಮೊದಲಿನ ಹಾಗಿಲ್ಲ ಎಂದು ಗೊಣಗುತ್ತ ಹೋದಳು. ಕೊಳದಲ್ಲಿ ಅಂದು ಕೆಸರಾಗಲಿಲ್ಲ.

ಗೆಡ್ಡೆಯ ದಿಬ್ಬದ ಜಗಳ ಇನ್ನೂ ಮುಗಿದಿಲ್ಲ. ಗೆರೆಯ ಮೇಲೆ ಅಲ್ಲಲ್ಲಿ ಹುಲ್ಲು ಚಿಗುರಿದೆ. ತುಂಬೆಯ ಮರಿ ಈಗ ಬೊಗಳಲು ಕಲಿತಿದೆ, ಬೇಕಾದಾಗ ಬೇಡವಾದಾಗ ಎಲ್ಲ ಬೊಗಳಿ ಬೈಸಿಕೊಳ್ಳುತ್ತದೆ. ಆದರೆ ಕೆಲವು ಬೆಳಿಗ್ಗೆ ತುಂಬೆ ನೀರಿಗೆ ಬಂದಾಗ, ಮತ್ತಿಮರದ ಕೆಳಗಿನ ಖಾಲಿ ಕಲ್ಲಿನ ಮೇಲೆ ಒಂದು ಹಿಡಿ ಬೋರೆಹಣ್ಣು ಇರುತ್ತದೆ. ಯಾರು ಇಟ್ಟದ್ದು, ಯಾರಿಗೆ ಇಟ್ಟದ್ದು ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ತುಂಬೆ ಅದನ್ನು ಒಂದೊಂದಾಗಿ ಮೂತಿಯಿಂದ ನೂಕಿ ಕೆಳಗೆ ಹಾಕುತ್ತಾಳೆ, ಆಮೇಲೆ ನೀರು ಕುಡಿಯುತ್ತಾಳೆ.

ನೀತಿ: ಒಡೆಯ ಹೋದರೂ ಅಪ್ಪಣೆಗೆ ಕಾಯುವ ಅಭ್ಯಾಸ ಹೋಗದಿದ್ದರೆ, ಆ ಅಭ್ಯಾಸವೇ ಇನ್ನೊಬ್ಬ ಒಡೆಯನನ್ನು ಹುಟ್ಟಿಸುತ್ತದೆ.